ಕುರ್ಚಿ ತಿರುಗಿಸಿ ಕೂತ ಮಾವ

ನಮ್ಮ ಮಾವ ಸ್ಪೀಕರ್ ಡಬ್ಬಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಕಸ ಗುಡಿಸಲೆಂದು ಅಲ್ಲಿದ್ದ ಮರದ ಕುರ್ಚಿಯನ್ನು ಸರಿಸಿದೆ. ಮನೆಗೆ ಬೆಂಕಿ ಬಿದ್ದವರಂತೆ ಮಾವ ಓಡಿ ಬಂದರು. ಅದರ ನಾಲ್ಕೂ ಕಾಲಿಗೆ ನೆಲದ ಮೇಲೆ ಸೀಮೆಸುಣ್ಣದ ಗುರುತಿತ್ತು. ಅಲ್ಲಿ ಕೂತವರಿಗೆ ಎರಡೂ ಡಬ್ಬಿಗಳ ದನಿ ಒಟ್ಟಿಗೇ ತಲುಪಿ, ಹಾಡುವವರು ನಟ್ಟನಡುವೆ ನಿಂತಂತೆ ಕೇಳಬೇಕು.

“ಒಂದೊಂದು ಡಬ್ಬೀಲೂ ಎರಡು ಸ್ಪೀಕರು; ದೊಡ್ಡದರ ದನಿ ಒಂಚೂರು ತಡವಾಗಿ ಬರುತ್ತಮ್ಮ. ಅದಕ್ಕೇ ಚಿಕ್ಕದನ್ನ ಬೆರಳಷ್ಟು ಹಿಂದೆ ಕೂರಿಸ್ತೀನಿ. ಕೇಳು, ಎಷ್ಟು ತಿಳಿಯಾಯ್ತು!”

ನನಗೆ ಸರಿಸುವ ಮೊದಲೂ ಆಮೇಲೂ ಒಂದೇ. ಹಾಗೆಂದು ಮುಖದ ಮೇಲೆಯೇ ಹೇಳಿದ್ದೆ. “ಆ ಬೆರಳಷ್ಟು ಜಾಗ ಹುಡುಕೋದ್ರಲ್ಲೇ ನನ್ನ ಆಯಸ್ಸು ಕಳೀತು” ಎಂದು ಅತ್ತೆಯೂ ದನಿಗೂಡಿಸಿದ್ದರು. ಆದರೂ ಸಂಗೀತದವರು ಹುಡುಕಿಕೊಂಡು ಬರುತ್ತಿದ್ದರು. ಮಾವನ ಕಿವಿಗೆ ಅಷ್ಟು ಹೆಸರು.

ಮೊನ್ನೆ ಹಾಡಿನ ಟೀಚರ್ ಮಾವ ಮಾಡಿಕೊಟ್ಟ ಹೊಸ ಡಬ್ಬಿಗಳ ಜೋಡಿಯನ್ನು ವಾಪಸ್ ತಂದರು. “ದನಿ ಬಲಕ್ಕೇ ವಾಲುತ್ತಲ್ಲ ಮೇಷ್ಟ್ರೇ?”

“ನಿಮ್ಮನೆ ನೆಲ ಸಮ ಇಲ್ವೇನೋ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಒಳಗಿನಿಂದ ಅತ್ತೆ ಕೂಗಿದರು. ಎಲ್ಲರೂ ನಕ್ಕೆವು, ಮಾವನೂ.

ಟೀಚರ್ ಹೋದ ಮೇಲೆ ಡಬ್ಬಿಗಳನ್ನು ಹಳೆಯ ಜಾಗದಲ್ಲೇ ಇಟ್ಟು, ಹಾಡು ಹಾಕಿ, ಮಾವ ಕುರ್ಚಿಯಲ್ಲಿ ಕೂತರು. ಹುಬ್ಬು ಗಂಟಿಕ್ಕಿತು. “ಎಡಕ್ಕಿದೆ. ನೀನು ಕೂತು ನೋಡಮ್ಮ.”

ಕೂತೆ. ನನ್ನಂಥ ಮಂದಕಿವಿಗೂ ಸ್ಪಷ್ಟವಿತ್ತು. “ಬಲಕ್ಕಿದೆ, ಮಾವ.”

ಮಾವ ತಾವೇ ಕುರ್ಚಿ ಎತ್ತಿ, ಡಬ್ಬಿಗಳಿಗೆ ಬೆನ್ನು ಮಾಡಿ ಇಟ್ಟು ಕೂತರು. ತಪ್ಪು ಡಬ್ಬಿಯದಾಗಿದ್ದರೆ ಹಾಡು ಈಗ ಇನ್ನೊಂದು ಕಿವಿಯ ಕಡೆಗೆ ಹೋಗಬೇಕಿತ್ತು. ಕಣ್ಣು ಮುಚ್ಚಿ ಕೇಳಿದರು. ಅವರ ಕೈ ಮೆಲ್ಲಗೆ ಎಡಗಿವಿಗೇ ಹೋಯಿತು.

“ಡಬ್ಬೀದಲ್ಲ” ಎಂದರು.

ಬಲಗಿವಿಯ ನರ ಸೋತಿದೆ, ಹೋದದ್ದು ಮರಳಿ ಬಾರದು ಎಂದರು ಡಾಕ್ಟರು. ಎಷ್ಟು ದಿನದಿಂದಲೋ ಆ ಕಿವಿ ಸೋತಷ್ಟೂ ಮಾವ ತಮಗೆ ಸರಿ ಕೇಳಲೆಂದು ಬಲಗಡೆಯ ಡಬ್ಬಿಯ ದನಿಯನ್ನೇ ಏರಿಸುತ್ತ ಬಂದಿದ್ದರು; ಈಗ ಅದೂ ಸಾಲದಾಗಿತ್ತು. ಅತ್ತೆ ಅಂದಿನಿಂದ ಆ ಗಾದೆಯನ್ನು ಬಾಯಿಗೆ ತಂದಿಲ್ಲ.

ಟೀಚರಿಗೆ ಜೋಡಿಯನ್ನು ಸರಿಮಾಡಿ ಕೊಡಬೇಕು. ಎರಡೂ ಕಡೆಯ ದನಿಯನ್ನು ಮೀಟರ್ ನೋಡಿ ಸಮ ಮಾಡಿದ್ದಾಯಿತು. ಇನ್ನುಳಿದದ್ದು ಆ ಬೆರಳಷ್ಟರ ಕೆಲಸ. ಅದನ್ನು ಮಾವ ಎಂದೂ ಕಿವಿಗೇ ಬಿಟ್ಟವರು. ಇವತ್ತು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನೆಲದಲ್ಲಿ ಕೂತು ಚಿಕ್ಕ ಸ್ಪೀಕರನ್ನು ಹಿಂದಕ್ಕೆ ಸರಿಸಿದರು.

“ಈಗ?”

ಉಸಿರು ಬಿಗಿಹಿಡಿದು ಕೇಳಿದೆ. “ಗೊತ್ತಾಗ್ತಿಲ್ಲ, ಮಾವ.”

ಮುಂದಕ್ಕೆ ತಂದರು. “ಈಗ ತಿಳಿಯಾಯ್ತಾ?”

ನನಗೆ ಅಳು ಬಂತು. ಅವರ ಸಮಾಧಾನಕ್ಕೆ ಒಂದು ಸುಳ್ಳು ಹೇಳೋಣವೆಂದರೆ, ಯಾವುದು ಸುಳ್ಳು ಎಂಬುದೇ ನನಗೆ ತಿಳಿಯದು. ಮಾವ ನನ್ನ ಮುಖವನ್ನೇ ನೋಡುತ್ತ, ಮತ್ತೆ ಒಂದು ಕೂದಲೆಳೆಯಷ್ಟು ಸರಿಸಿದರು.

“ಈಗ, ಮಗಳೇ?”