ಮನಸ್ಸಿಗೆ ಬರುವುದು, ಮನಸ್ಸಾಗುವುದು

ನಮ್ಮಕ್ಕ ತನ್ನ ಕೂಸನ್ನು ಬಾವಿಗೆ ಹಾಕಲು ಹೊರಟಿದ್ದಳು ಎಂದು ಹಟ್ಟಿಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಒಬ್ಬರೂ ಅಂದು ನಮ್ಮ ಹಿತ್ತಿಲಲ್ಲಿ ಇರಲಿಲ್ಲ. ನಾನಿದ್ದೆ. ಬಾವಿಗೆ ಹಾಕಲು ಹೊರಟವಳು ಬಾವಿಯ ಕಡೆಗೆ ನಡೆಯಬೇಕಲ್ಲವೇ? ಅಕ್ಕ ಬಾವಿಯಿಂದ ಓಡುತ್ತಿದ್ದಳು.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಾನು ಕಾರವಾರದಲ್ಲಿ ಓದುತ್ತಿದ್ದೆ, ರಜೆಗೆ ಬಂದಿದ್ದೆ. ನಮ್ಮ ತಾಯಿ, ಆಯಿ, ನೀರು ಸೇದುತ್ತಿದ್ದಳು. ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಅಕ್ಕ ಇದ್ದಕ್ಕಿದ್ದಂತೆ ಅದನ್ನು ನನ್ನ ತೋಳಿಗೆ ತುರುಕಿ ಒಳಗೋಡಿದಳು. ಹಿಂದೆ ಹೋಗಿ ನೋಡಿದರೆ ಬಾಗಿಲ ಮರೆಯಲ್ಲಿ ಮುದುಡಿ ಕೂತು ಎರಡೂ ಅಂಗೈಗಳನ್ನು ಸೀರೆಯಲ್ಲಿ ಸುತ್ತಿಕೊಂಡಿದ್ದಳು.

"ಆಯೀ, ಕೂಸನ್ನ ಬಾವಿಗೆ ಹಾಕ್ದಂಗೆ ಮನಸ್ಸಿಗೆ ಬತ್ತದೆ. ನಾ ಕರಿಯೂದಿಲ್ಲ, ಅದೇ ಬತ್ತದೆ."

ಮಜ್ಜಿಗೆ ಕೇಳಲು ಬಂದಿದ್ದ ನೆರೆಮನೆಯ ದೊಡ್ಡಮ್ಮನ ಕಿವಿಗೆ ಅದು ಬಿತ್ತು. ಸಂಜೆಯೊಳಗೆ ಕೇರಿಯೆಲ್ಲ ಹಬ್ಬಿದ ಮಾತು ಬೇರೆ: "ಹಾಕೂಕೆ ಮನಸ್ಸಾಗ್ತದಂತೆ." ಮನಸ್ಸಿಗೆ ಬರುವುದು ಒಂದು, ಮನಸ್ಸಾಗುವುದು ಇನ್ನೊಂದು. ಮೊದಲನೆಯದರಲ್ಲಿ ಮನಸ್ಸು ಮನೆ, ಬಂದದ್ದು ಕರೆಯದ ನೆಂಟ. ಎರಡನೆಯದರಲ್ಲಿ ಮನೆಯವಳೇ ಕಳ್ಳಿ. ನಮ್ಮ ಶಾಲೆಯ ಚರ್ಚಾಕೂಟದಲ್ಲಾಗಿದ್ದರೆ ಆ 'ಗೆ' ಪ್ರತ್ಯಯವನ್ನು ಹಿಡಿದೇ ಎದುರಾಳಿಯನ್ನು ನಿಲ್ಲಿಸುತ್ತಿದ್ದೆ. ಕೇರಿಯಲ್ಲಿ ಎದುರಾಳಿ ಯಾರೆಂದೇ ಗೊತ್ತಾಗುವುದಿಲ್ಲ. "ಬಾಣಂತಿ ಸನ್ನಿ" ಎಂದರು. "ಗಾಳಿ" ಎಂದರು. ಅಮದಳ್ಳಿಯಲ್ಲಿದ್ದ ಅಕ್ಕನ ಅತ್ತೆಗೂ ಸುದ್ದಿ ಮುಟ್ಟಿತು.

ದೆವ್ವವಿಲ್ಲವೆಂದು ವೇದಿಕೆಯ ಮೇಲೆ ವಾದಿಸಿದವನು ನಾನು. ಗಾಳಿಯ ಮಾತಿಗೆ ನಾನು ಹೆದರಲಿಲ್ಲ. ಹೆದರಿಸಿದ್ದು ಅಕ್ಕನ ನಡತೆ. ಮೆಟ್ಟುಗತ್ತಿಯನ್ನು ಅಟ್ಟದ ಮೇಲೆ ಇಡಿಸಿದಳು. ಕೊಡಪಾನದ ಹಗ್ಗ ಬಿಚ್ಚಿಸಿದಳು. ಹಿತ್ತಿಲ ಬಾಗಿಲು ದಾಟುವುದನ್ನೇ ಬಿಟ್ಟಳು. ತೊಟ್ಟಿಲ ಬಳಿ ಹೋದಾಗಲೆಲ್ಲ "ಇಲ್ಲ, ಇಲ್ಲ" ಎಂದು ತುಟಿಯಲ್ಲೇ ಹೇಳಿಕೊಂಡು ತೊಟ್ಟಿಲ ಅಂಚನ್ನು ಮುಟ್ಟುವಳು. ಮುಟ್ಟಿದ್ದು ಸರಿಯಾಗಲಿಲ್ಲವೆಂದು ಮತ್ತೆ ಮುಟ್ಟುವಳು. ಹಾಲೂಡುವಾಗ ಆಯಿ ಪಕ್ಕದಲ್ಲೇ ಇರಬೇಕು.

ಮೋಟಾರು ಹತ್ತಿ ಕಾರವಾರದ ಒಬ್ಬ ಡಾಕ್ಟರರಲ್ಲಿಗೆ ಹೋದೆ. ಮುಂಬಯಿಯಲ್ಲಿ ಓದಿ ಬಂದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ನಾನು ಹುಟ್ಟಿದ ಆಸುಪಾಸಿನಲ್ಲಿ, ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಹಬ್ಬಿದ್ದ ಒಂದು ನಿದ್ದೆಯ ಜ್ವರದ ಸಂಗತಿ ಹೇಳಿದರು. ಬದುಕಿ ಉಳಿದವರಲ್ಲಿ ಕೆಲವರ ಕಣ್ಣು ಬೇಡವೆಂದರೂ ಮೇಲಕ್ಕೆ ಹೊರಳಿ ನಿಂತುಬಿಡುತ್ತಿತ್ತಂತೆ. ಅದೇ ಹೊತ್ತಿಗೆ ಬೇಡದ ಯೋಚನೆಯೊಂದು ಬಂದು ಗಾಣದ ಎತ್ತಿನಂತೆ ಸುತ್ತುತ್ತಿತ್ತಂತೆ. ಸತ್ತವರ ಮಿದುಳು ತೆಗೆದು ನೋಡಿದರೆ ಪೆಟ್ಟು ಬಿದ್ದದ್ದು ಮೇಲಿನ ಮಡಿಕೆಗಳಲ್ಲಿ ಅಲ್ಲ, ಬಹಳ ಆಳದಲ್ಲಿ.

"ನಮ್ಮಕ್ಕನಿಗೆ ಆ ಜ್ವರ ಬಂದಿಲ್ಲವಲ್ಲ?"

"ಬಂದಿಲ್ಲ. ಬಂದಿದೆ ಅಂತ ನಾನೆಲ್ಲಿ ಹೇಳಿದೆ? ಕರೆಯದೆ ಬರುವ ಯೋಚನೆ ಮಿದುಳಿನಿಂದಲೇ ಬರಬಹುದು, ಅಷ್ಟೇ. ಇವಳಿಗೆ ಯಾಕೆ ಬಂತೋ ನನಗೆ ಗೊತ್ತಿಲ್ಲ."

ಸನ್ನಿಯಾದರೆ ನಿದ್ದೆ ಹೋಗುತ್ತದೆ, ಮಾತಿಗೆ ಮಾತು ಹೊಂದುವುದಿಲ್ಲ, ಯಾರೋ ಹೇಳಿದಂತೆ ಕೇಳುತ್ತದೆ, ಕೇಳಿದ್ದು ಸರಿಯೆಂದೇ ತೋರುತ್ತದೆ. ಅದು ಅಪಾಯ ಎಂದರು. ಇನ್ನೊಂದು ಬಗೆಯವರು ಬಂದ ಯೋಚನೆಗೇ ಹೆದರಿ ಸಾಯುತ್ತಾರೆ, ಯೋಚಿಸಿದ್ದನ್ನು ಮಾಡುವವರಲ್ಲ. ಅಕ್ಕ ಯಾವುದೆಂದು ಕೇಳಿದೆ.

"ಎರಡನೆಯದು ಅಂತ ಕಾಣ್ತದೆ."

"ಕಾಣ್ತದೆ ಅಂದರೆ?"

"ಅಂದರೆ ನಾನು ಅವಳನ್ನು ನೋಡಿಲ್ಲ ಮಾರಾಯ. ಕರ್ಕೊಂಡು ಬಾ."

ಬಾಣಂತಿಯನ್ನು ಮೋಟಾರಿನಲ್ಲಿ ಕೂರಿಸಿ ಕಾರವಾರಕ್ಕೆ ಒಯ್ಯಲು ಆಯಿ ಒಪ್ಪಲಿಲ್ಲ.

ಎರಡು ದಿನದಲ್ಲಿ ಅತ್ತೆ ಬಂದಿಳಿದರು, ಹಿಂದೆ ಬಾವ. ಜಗುಲಿಯಲ್ಲಿ ಕೂತು ಕೊಟ್ಟ ಬೆಲ್ಲ ನೀರು ಮುಟ್ಟಲಿಲ್ಲ. "ಕೂಸನ್ನ ನಾ ಕರ್ಕಂಡು ಹೋಗ್ತೆ. ಆಕಳ ಹಾಲು ಅದೆ ನಮ್ಮಲ್ಲಿ. ಇವ್ಳ ಸನ್ನಿ ಇಳಿದ್ಮೇಲೆ ನೋಡ್ವ."

"ಅತ್ತೇ, ಇದು ಸನ್ನಿ ಅಲ್ಲ."

"ಮತ್ತೆಂತದು?"

"ಮಿದುಳಿಂದು."

"ಮಿದುಳು ಯಾರ್ದು? ಇವ್ಳದೇ ಅಲ್ವಾ?"

ಅತ್ತೆ ಬಿಡಲಿಲ್ಲ. "ತಮಾ, ನೀ ಮಾತಾಡಿ ಬೆಳ್ಳಿ ಲೋಟ ಗೆದ್ದಿದ್ಯಂತೆ. ಈ ಕೂಸು ಲೋಟ ಅಲ್ಲ."

ಒಳಗೆ ತೊಟ್ಟಿಲ ಹಗ್ಗದ ಕಿರುಗುಟ್ಟು ನಿಂತಿತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ. ನಾನು ಶುರುಮಾಡಿದೆ. ಹಾವಿಗೆ ಹೆದರುವವನು ಹುತ್ತಕ್ಕೆ ಕೈ ಹಾಕುತ್ತಾನೆಯೇ? ಕೊಲ್ಲುವ ಮನಸ್ಸಿದ್ದವಳು ಮೆಟ್ಟುಗತ್ತಿಯನ್ನು ಅಟ್ಟಕ್ಕೇರಿಸುತ್ತಾಳೆಯೇ, ಬಾಯಿಬಿಟ್ಟು ತಾಯಿಗೆ ಹೇಳುತ್ತಾಳೆಯೇ? ಇಂದು ಕೂಸನ್ನು ಒಯ್ದರೆ, ನೀನು ನಿನಗೆ ಹೆದರಿದ್ದೇ ಸರಿ ಎಂದು ಅವಳಿಗೆ ನಾವೆಲ್ಲ ಸೇರಿ ಹೇಳಿದಂತಾಗುತ್ತದೆ; ಆಮೇಲೆ ಅವಳು ಯಾವತ್ತೂ ಅದನ್ನು ಎತ್ತಿಕೊಳ್ಳಲಾರಳು. ಡಾಕ್ಟರರು ಹೇಳಿದ್ದನ್ನೂ ಹೇಳಿದೆ. "ನಾನು ಅವಳನ್ನು ನೋಡಿಲ್ಲ" ಎಂದದ್ದನ್ನು ಮಾತ್ರ ಹೇಳಲಿಲ್ಲ.

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಬಾವ ತಮ್ಮ ತಾಯಿಗೆ ಹೇಳಿದರು: "ಇರ್ಲಿ ಆಯಿ. ಕೂಸು ಇಲ್ಲೇ ಇರ್ಲಿ."

"ಹೆಚ್ಚುಕಮ್ಮಿ ಆದ್ರೆ?" ಎಂದರು ಅತ್ತೆ.

ಎಲ್ಲರೂ ನನ್ನನ್ನು ನೋಡಿದರು. "ನಾ ಇದ್ದೇನಲ್ಲ" ಎಂದೆ.

ಅವರು ಹೋದರು. ಗೆದ್ದು ಅಷ್ಟು ಹೆದರಿದ್ದು ನಾನು ಅದೇ ಮೊದಲು. ವೇದಿಕೆಯಲ್ಲಿ ಎದುರು ಪಕ್ಷದವನ ಮಾತೂ ನಿಜವಿರಬಹುದೆಂದು ಒಳಗೇ ತಿಳಿದಿರುತ್ತಿತ್ತು. ನಿಜವಾಗಿದ್ದರೂ ಯಾರ ಕೂದಲೂ ಕೊಂಕುತ್ತಿರಲಿಲ್ಲ. ಇಲ್ಲಿ ಎದುರು ಪಕ್ಷದ ಮಾತು ನಿಜವಾದರೆ ಹೋಗುವುದು ಕೂಸಿನ ಜೀವ.

ಮರುದಿನ ಬೆಳಿಗ್ಗೆ ಅಕ್ಕ ಮೀಯಲು ಹೋದಾಗ ಕೂಸನ್ನೆತ್ತಿಕೊಂಡು ಹಿತ್ತಿಲಿಗೆ ಹೋದೆ. ಬಾವಿಕಟ್ಟೆ ದಾಟುವಾಗ ಮನಸ್ಸಿಗೆ ಬಂತು: ನನ್ನವೇ ಎರಡು ಕೈಗಳು, ನೀರಿನ ಮೇಲೆ, ತೆರೆದು. ನಾನು ಕರೆದಿರಲಿಲ್ಲ. ಹಿಂದೆ ಸರಿದು ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಂತೆ. ಕೂಸು ನನ್ನ ಅಂಗಿಯ ಗುಂಡಿ ಹಿಡಿದು ನಕ್ಕಿತು. ನಾನು ಬಾಣಂತಿಯಲ್ಲ, ನನಗೆ ಸನ್ನಿಯಿಲ್ಲ. ಇದಕ್ಕಿಂತ ದೊಡ್ಡ ಪುರಾವೆ ನನ್ನ ಪಕ್ಷಕ್ಕೆ ಬೇಕಿರಲಿಲ್ಲ. ಆದರೂ ಅದನ್ನು ಆಯಿಗೆ ಹೇಳಲು ಬಾಯಿ ಬರಲಿಲ್ಲ.

ರಜೆ ಮುಗಿಯಿತು. ನಾನು ಕಾರವಾರಕ್ಕೆ ಹೋಗಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ, ಬಾವಿಗೂ ಬಾಗಿಲಿಗೂ ನಡುವೆ, ಪುಸ್ತಕ ತೆರೆದು ಕೂರುತ್ತಿದ್ದೆ. ಅಕ್ಕ ಈಗೀಗ ಆಯಿ ಇಲ್ಲದೆಯೂ ಹಾಲೂಡಿಸುತ್ತಿದ್ದಳು. ಒಂದು ಮಧ್ಯಾಹ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಹೊಸ್ತಿಲ ಒಳಗೇ ನಿಂತಳು.

"ತಮಾ, ಮೋಟಾರು ಹೋಯ್ತಲ್ಲ."

"ನಾಳೆ ಹೋಗ್ತೆ."

"ನಿನ್ನೇನೂ ಹಂಗೇ ಅಂದಿ." ಸ್ವಲ್ಪ ಹೊತ್ತು ಕೂಸಿನ ಬೆನ್ನು ತಟ್ಟಿದಳು. ನಾನು ಹಾಳೆ ಮಗುಚಿದೆ.

"ನಿಜ ಹೇಳು. ನೀ ಇಲ್ಲಿ ಕೂತದ್ದು ನನ್ನ ಕಾಯೂಕಾ, ನನ್ನಿಂದ ಕೂಸನ್ನ ಕಾಯೂಕಾ?"