ನಾನು ಬಿಟ್ಟ ಅರವತ್ತಮೂರನೆಯ ಮಾತು

ನನ್ನ ಮಾವ ಎಣಿಸುವ ಮನುಷ್ಯ. ಮೆಟ್ಟಿಲು ಹತ್ತುವಾಗ ಎಣಿಸುತ್ತಾರೆ, ಒಗ್ಗರಣೆಗೆ ಬಿದ್ದ ಕರಿಬೇವಿನೆಲೆ ಎಣಿಸುತ್ತಾರೆ, ಆಫೀಸಿನ ಮೀಟಿಂಗಿನಲ್ಲಿ ನಾನು ಎಷ್ಟು ಸಲ 'ಸಾರಿ' ಅಂದೆ ಎಂದು ಎಣಿಸಿ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಾರೆ. ಇದೆಲ್ಲ ಗೊತ್ತಿದ್ದೂ ಅವರ ನೂರೆಂಟರಲ್ಲಿ ಒಂದನ್ನು ನಾನು ಸದ್ದಿಲ್ಲದೆ ಕಿತ್ತುಹಾಕಿದೆ. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ಆಗ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ.

ಕೊರೊನಾ ಬಂದ ವರ್ಷದ ಫೆಬ್ರವರಿಯಲ್ಲಿ ಅವರು ಮೈಸೂರಿನಿಂದ ಡಬ್ಲಿನ್ನಿನ ಅಂಚಿನ ಆಡಮ್ಸ್‌ಟೌನಿನ ನಮ್ಮ ಮನೆಗೆ ಮೂರು ತಿಂಗಳಿಗೆಂದು ಬಂದರು. ಮಾರ್ಚಿನಲ್ಲಿ ವಿಮಾನಗಳು ನಿಂತವು. ನನ್ನ ಗಂಡ ದೂರದ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಗೆ ಬಂದರೆ ಅಪ್ಪನಿಗೆ ಸೋಂಕು ತಗಲೀತೆಂದು ಅಲ್ಲೇ ಉಳಿದರು. ಮನೆಯಲ್ಲಿ ನಾನು, ಏಳು ವರ್ಷದ ಮಗಳು, ಮಾವ. ಎಪ್ಪತ್ತು ದಾಟಿದವರು ಹೊಸ್ತಿಲು ದಾಟಬಾರದೆಂದು ಸರ್ಕಾರ ಹೇಳಿತು, ಅದಕ್ಕೆ 'ಕಕೂನಿಂಗ್' ಎಂದು ಮುದ್ದಾದ ಹೆಸರನ್ನೂ ಇಟ್ಟಿತು.

"ಗೂಡಲ್ಲಿ ಇರಬೇಕಂತೆ," ಅಂದರು ಮಾವ. "ರೇಷ್ಮೆ ಗೂಡಿನ ಗತಿ ಇವರಿಗೆ ಗೊತ್ತಿಲ್ಲ. ಕೊನೆಗೆ ಬಿಸಿನೀರಿಗೆ ಹಾಕ್ತಾರಮ್ಮ."

ಪಕ್ಕದ ಮನೆಯ ಮುದುಕರೂ ಅದೇ ಗೂಡಿನಲ್ಲಿದ್ದರು. ಎಂಬತ್ತರ ಹತ್ತಿರದವರು, ಒಂದು ಕಾಲಕ್ಕೆ ಡಬ್ಲಿನ್ನಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು, ಒಂಟಿ. ಎರಡು ಹಿತ್ತಿಲುಗಳ ನಡುವೆ ಸೊಂಟದೆತ್ತರದ ಮರದ ಬೇಲಿ. ಒಂದು ಬೆಳಿಗ್ಗೆ ಮಾವ ಪಂಚೆ ಒಣಗಿಸುತ್ತಿದ್ದಾಗ ಆ ಮುದುಕರ ಕಣ್ಣು ಅವರ ಬೆರಳಿನ ಉಂಗುರದ ಮೇಲೆ ಬಿತ್ತು. ಅದರ ಮೇಲೆ ಕೈವಾರ ಮತ್ತು ಮೂಲೆಮಟ್ಟದ ಗುರುತು. ಮಾವ ಫ್ರೀಮೇಸನ್. ಕಲ್ಲುಕುಟಿಗರ ಹತ್ಯಾರಗಳನ್ನು ನೀತಿಯ ಗುರುತಾಗಿ ಇಟ್ಟುಕೊಂಡು, ಬಾಗಿಲು ಹಾಕಿಕೊಂಡು ಸಭೆ ನಡೆಸುವ, ಒಬ್ಬರನ್ನೊಬ್ಬರು 'ಬ್ರದರ್' ಎನ್ನುವ ಗಂಡಸರ ಹಳೆಯ ಸಂಘ ಅದು. ಸಭೆ ಸೇರುವ ಜಾಗಕ್ಕೆ ಲಾಡ್ಜ್ ಅನ್ನುತ್ತಾರೆ. 'ಇವತ್ತು ಲಾಡ್ಜಿಗೆ ಹೋಗ್ತೀನಿ' ಎಂದು ಮಾವ ಗಟ್ಟಿಯಾಗಿ ಹೇಳಿ ಹೊರಟಾಗಲೆಲ್ಲ ಬೀದಿಯ ಹೆಂಗಸರು ಅತ್ತೆಯ ಮುಖ ನೋಡುತ್ತಿದ್ದರಂತೆ.

ಪಕ್ಕದವರೂ ಹಿಂದೊಮ್ಮೆ ಮೇಸನ್ ಆಗಿದ್ದವರೇ. ಯಾಕೆ ಬಿಟ್ಟರೋ ಹೇಳಲಿಲ್ಲ, ಮಾವ ಕೇಳಲಿಲ್ಲ. ಅಂದಿನಿಂದ ದಿನಾ ಹನ್ನೊಂದಕ್ಕೆ ಬೇಲಿಯ ಆಚೆ ಅವರ ಕುರ್ಚಿ, ಈಚೆ ಇವರ ಕುರ್ಚಿ, ಮಧ್ಯೆ ಎರಡು ಮೀಟರ್. ಅವರಿಗೆ ಟೀ, ಇವರಿಗೆ ಫಿಲ್ಟರ್ ಕಾಫಿ. ಅತ್ತೆ ಹೋದ ಮೇಲೆ ಮಾವ ಅಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ಲಾಡ್ಜಿನ ಮೇಜಿನ ಮೇಲೆ ಗೀತೆ, ಕುರಾನ್, ಬೈಬಲ್, ಗ್ರಂಥಸಾಹೇಬ್ ಎಲ್ಲವನ್ನೂ ಸಾಲಾಗಿ ಇಡುತ್ತೇವೆ ಎಂದು ಇವರು ಹೇಳಿದರೆ, ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ನಗುತ್ತಿದ್ದರು. ಅವರನ್ನು ಕಂಡರೆ ನನಗೆ ನಿಜಕ್ಕೂ ಪ್ರೀತಿ ಹುಟ್ಟಿತ್ತು. ಮಾವನಿಗೆ ನಾನು ಕೊಡಬೇಕಾದ ಗಮನವನ್ನು ಅವರು ಕೊಡುತ್ತಿದ್ದರು, ಅದೂ ಕಾರಣ.

ಮೇ ತಿಂಗಳ ಹೊತ್ತಿಗೆ ಮಾವನಿಗೆ ಒಂದು ಆಸೆ ಹುಟ್ಟಿತು. ನಲವತ್ತು ವರ್ಷದಿಂದ ಅವರು ಇಟ್ಟುಕೊಂಡ ನೋಟ್‌ಬುಕ್ಕು ಒಂದಿತ್ತು. ಓದಿದ ಗೂಢವಿದ್ಯೆಯ ಇಂಗ್ಲಿಷ್ ಪುಸ್ತಕಗಳಿಂದ ಹಿಡಿಸಿದ್ದನ್ನೆಲ್ಲ ತಮ್ಮ ಗುಂಡಗಿನ ಕನ್ನಡಕ್ಕೆ ಇಳಿಸಿ, ನಂಬರು ಹಾಕಿ ಬರೆದಿದ್ದರು. ಒಟ್ಟು ನೂರೆಂಟು ಮಾತು, ಜಪಮಣಿಯ ಲೆಕ್ಕಕ್ಕೆ. ಮೂಲ ಪುಸ್ತಕಗಳೆಲ್ಲ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡವು, ರಟ್ಟು ಹರಿದವು, ಬರೆದವರ ಹೆಸರೂ ಇಲ್ಲದವು. ಈ ನೂರೆಂಟನ್ನೂ ಇಂಗ್ಲಿಷಿಗೆ ತಿರುಗಿಸಿ, ಪ್ರಿಂಟ್ ಮಾಡಿ ಬೇಲಿಯಾಚೆಯ ಬ್ರದರಿಗೆ ಕೊಡಬೇಕು ಎಂದರು. ತಿರುಗಿಸುವವಳು ನಾನು.

ದಿನಕ್ಕೆ ಆರು ಮಾತು. ಬೆಳಗಿನ ಸ್ಟ್ಯಾಂಡಪ್ ಮೀಟಿಂಗು ಮುಗಿದ ಮೇಲೆ, ಮಗಳ ಆನ್‌ಲೈನ್ ಕ್ಲಾಸು ಶುರುವಾಗುವ ಮೊದಲು. ಮೌನದ ಬಗ್ಗೆ, ಒಳಗಣ್ಣಿನ ಬಗ್ಗೆ, ಒರಟು ಕಲ್ಲು ನಯವಾಗುವ ಬಗ್ಗೆ. ಓದಿದರೆ ನಿದ್ದೆ ಬರುವಂಥ ನಿರುಪದ್ರವಿ ಮಾತುಗಳು. ಅರವತ್ತಮೂರಕ್ಕೆ ಬಂದಾಗ ನನ್ನ ಕೈ ನಿಂತಿತು.

ಲೋಕದ ಬೆಳಕಿನ ಕೀಲಿಕೈಯನ್ನು ಒಂದು ಕುಲ ಬಚ್ಚಿಟ್ಟುಕೊಂಡಿದೆ, ಆ ಕುಲ ಹೊನ್ನನ್ನು ಪೂಜಿಸುತ್ತದೆ, ರಾಜ್ಯಗಳನ್ನು ತೆರೆಯ ಹಿಂದಿನಿಂದ ಆಡಿಸುತ್ತದೆ, ಅದು ನೆಲದಿಂದ ತೊಲಗದೆ ದೇವಾಲಯ ಮೇಲೇಳದು. ಇದು ಸಾರಾಂಶ. ಯಾವ ಕುಲ ಎಂದು ಮಾವನ ಕನ್ನಡದಲ್ಲಿ ಹೆಸರು ಹಿಡಿದೇ ಹೇಳಿತ್ತು: ಯಹೂದ್ಯ ಕುಲ.

ಇದೇ ಮಾತು ಎರಡು ವಾರದ ಹಿಂದೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬೇರೆ ವೇಷದಲ್ಲಿ ಬಂದಿತ್ತು. ಯಹೂದಿಗಳೂ ಮೇಸನ್ನರೂ ಸೇರಿ ವೈರಸ್ ಮಾಡಿದ್ದಾರೆ ಎಂಬ ಫಾರ್ವರ್ಡು. ಮಾವ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಮ್ಮ ಲಾಡ್ಜಿನವರಿಗೆ ಒಂದು ಸಭೆಗೆ ಟೈಮಿಗೆ ಸರಿಯಾಗಿ ಉಪ್ಪಿಟ್ಟು ತರಿಸೋಕೆ ಬರಲ್ಲ, ಇನ್ನು ವೈರಸ್ ಮಾಡ್ತಾರಾ?" ಎಂದಿದ್ದರು. ಫೋನಿನಲ್ಲಿ ಬಂದರೆ ಕಸ, ಹಳೇ ಕಾಗದದಲ್ಲಿ ಬಂದರೆ ಜ್ಞಾನ. ಅವರ ಲಾಡ್ಜಿನ ಇಡೀ ಕಥೆ ಯಹೂದಿ ದೊರೆಯೊಬ್ಬ ಕಟ್ಟಿಸಿದ ದೇವಾಲಯದ ಮೇಲೆ ನಿಂತಿದೆ. ಆ ಮನೆಯೊಳಗೆ ಕೂತು ಮನೆಯವರನ್ನೇ ಕಳ್ಳರೆನ್ನುವ ಈ ಸಾಲನ್ನು ಅವರು ನಲವತ್ತು ವರ್ಷ ಜೋಪಾನ ಮಾಡಿದ್ದರು. ನನಗೆ ಸಿಟ್ಟು ಬಂತು. ಆಮೇಲೆ ಭಯವಾಯಿತು.

ಯಾಕೆಂದರೆ ಪಕ್ಕದ ಮುದುಕರು ಯಹೂದಿ. ಅವರ ಮುಂಬಾಗಿಲ ಚೌಕಟ್ಟಿಗೆ ಬೆರಳುದ್ದದ ಡಬ್ಬಿಯೊಂದನ್ನು ಓರೆಯಾಗಿ ಹೊಡೆದಿದೆ. ಒಳಗೆ ದೇವರ ಮಾತು ಬರೆದ ಸುರುಳಿ ಇರುತ್ತದೆ ಎಂದು ನಾವು ಈ ಮನೆಗೆ ಬಂದ ವರ್ಷವೇ ಅವರು ನನಗೆ ಹೇಳಿದ್ದರು. ಮಾವ ಹಿತ್ತಿಲು ಬಿಟ್ಟು ಅವರ ಮುಂಬಾಗಿಲ ಕಡೆ ಕಾಲಿಟ್ಟವರಲ್ಲ. ಬಿಳಿಯರು ಅಂದರೆ ಕ್ರೈಸ್ತರು, ಅದು ಅವರ ಲೆಕ್ಕ. ಯಹೂದ್ಯ ಕುಲ ಎಂದರೆ ಅವರ ಪಾಲಿಗೆ ಪುರಾಣದ ಅಸುರರಿದ್ದ ಹಾಗೆ. ಎಂದೋ ಎಲ್ಲೋ ಇದ್ದವರು, ಬೇಲಿಯಾಚೆ ಟೀ ಕುಡಿಯುವವರಲ್ಲ.

ಹೇಳಬೇಕಿತ್ತು. ಕೆಳಗಿಳಿದು, ಮಾವ, ಇದು ವಿಷ, ನಿಮ್ಮ ಬ್ರದರು ಯಹೂದಿ ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆಗಳಲ್ಲಿ ಸೊಸೆ ಮಾವನಿಗೆ ಊಟಕ್ಕೆ ಬನ್ನಿ ಎನ್ನುತ್ತಾಳೆ, ಮಾತ್ರೆ ತೊಗೊಂಡ್ರಾ ಎನ್ನುತ್ತಾಳೆ. ನೀವು ನಲವತ್ತು ವರ್ಷ ತಪ್ಪು ಓದಿದಿರಿ ಎನ್ನುವುದಿಲ್ಲ. ಕಂಪನಿಯಲ್ಲಿ ಐವತ್ತು ಜನರ ಕೋಡಿನಲ್ಲಿ ತಪ್ಪು ಹಿಡಿದು ಸಂಬಳ ಎಣಿಸುವವಳು ನಾನು, ಮನೆಯಲ್ಲಿ ಒಂದು ತಪ್ಪು ಕಂಡರೆ ಡಿಲೀಟ್ ಒತ್ತುತ್ತೇನೆ. ಅರವತ್ತಮೂರನ್ನು ಬಿಟ್ಟು ಮುಂದಿನವಕ್ಕೆಲ್ಲ ನಂಬರು ಸರಿಪಡಿಸಿದೆ.

ಪ್ರಿಂಟ್ ಹಾಳೆಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಸ್ಯಾನಿಟೈಸರ್ ಒರೆಸಿ, ಬೇಲಿಯ ಮೇಲೆ ಇಟ್ಟು ಹಿಂದೆ ಸರಿದೆವು. ಮುದುಕರು ಬಂದು ತೊಗೊಂಡರು. ಮಗಳು "ತಾತ ಈಸ್ ಅ ರೈಟರ್ ನೌ" ಎಂದು ಅವರಿಗೆ ಹೇಳಿದಳು. ಮಾವನ ಮುಖ ಅರಳಿದ್ದು ನನಗೆ ಈಗಲೂ ನೆನಪಿದೆ.

ಮೂರನೆಯ ದಿನ ಮಾವ ತಮಗೆಂದು ಇಟ್ಟುಕೊಂಡಿದ್ದ ಪ್ರತಿಯನ್ನು ಎಣಿಸಿದರು.

"ನೂರೇಳೇ ಇದೆಯಲ್ಲಮ್ಮ?" ಎಂದು ಮಹಡಿಯ ಬಾಗಿಲಲ್ಲಿ ಬಂದು ನಿಂತರು. ನಾನು ಮೀಟಿಂಗಿನಲ್ಲಿದ್ದೆ, ನನ್ನ ಸ್ಕ್ರೀನು ಹದಿನೈದು ಜನರ ಮುಂದೆ ತೆರೆದಿತ್ತು. ಮೈಕ್ ಮುಚ್ಚಿ, "ಎಲ್ಲೋ ತಪ್ಪಿರಬೇಕು ಮಾವ, ಆಮೇಲೆ ನೋಡ್ತೀನಿ" ಅಂದೆ.

"ನೀನು ಬ್ಯುಸಿ ಇದ್ದೀಯ ಬಿಡು. ನಾನೇ ನೋಡ್ಕೋತೀನಿ," ಎಂದು ಇಳಿದುಹೋದರು.

ನನ್ನ ಮೇಜು ಹಿತ್ತಿಲ ಕಡೆಯ ಕಿಟಕಿಗಿದೆ. ಹತ್ತು ನಿಮಿಷದಲ್ಲಿ ಅವರು ಕನ್ನಡದ ನೋಟ್‌ಬುಕ್ಕು ಹಿಡಿದು ಹಿತ್ತಿಲಿಗೆ ಬಂದದ್ದು ಕಂಡಿತು. ಹನ್ನೊಂದಾಗಿತ್ತು. ಆಚೆ ಕುರ್ಚಿಯಲ್ಲಿ ಮುದುಕರು. ಮಾವ ಕೂರಲಿಲ್ಲ, ಲಾಡ್ಜಿನಲ್ಲಿ ನಿಲ್ಲುವ ಹಾಗೆ ಕಾಲು ಜೋಡಿಸಿ ನಿಂತು, ಪುಟಕ್ಕೆ ಬೆರಳಿಟ್ಟು, ತಮ್ಮದೇ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಕಿಟಕಿ ಮುಚ್ಚಿತ್ತು, ದನಿ ಬರಲಿಲ್ಲ. ಬೆರಳು ಸಾಲಿನ ಉದ್ದಕ್ಕೂ ಹೋಗುತ್ತಿತ್ತು. ನನ್ನ ಕಿವಿಯಲ್ಲಿ ಮ್ಯಾನೇಜರು ಮುಂದಿನ ಸ್ಲೈಡ್ ತೋರಿಸು ಎನ್ನುತ್ತಿದ್ದ. ನಾನು ತೋರಿಸಿದೆ. ಎದ್ದು ಓಡಬಹುದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಮುದುಕರು ಟೀ ಲೋಟವನ್ನು ಹುಲ್ಲಿನ ಮೇಲಿಟ್ಟರು. ಏನೋ ಎರಡು ಮಾತಾಡಿದರು. ಟೋಪಿ ಸರಿಮಾಡಿಕೊಂಡು ಒಳಗೆ ಹೋದರು.

ಊಟಕ್ಕೆ ಕೂತಾಗ ಮಾವ ಗೊಂದಲದಲ್ಲಿದ್ದರು. "ಅದೊಂದು ಬಿಟ್ಟುಹೋಗಿತ್ತಮ್ಮ, ಹೇಳ್ಬಿಟ್ಟೆ. ಅವರು, ಇದು ನನಗೆ ಗೊತ್ತು, ನನ್ನ ಲಾಡ್ಜಲ್ಲೂ ಒಬ್ಬರು ಇದನ್ನೇ ಓದಿದ್ರು ಅಂದ್ರು. ಆವತ್ತು ಯಾರೂ ಎದ್ದು ನಿಂತು ಬೇಡ ಅನ್ನಲಿಲ್ಲ, ಎಲ್ಲರಿಗೂ ಊಟದ ಹೊತ್ತಾಗಿತ್ತು, ಅಂತ ಹೇಳಿ ಒಳಗೆ ಹೋದ್ರು. ನನಗೆ ಅರ್ಥ ಆಗಲಿಲ್ಲ."

ಆಗ ಹೇಳಿದೆ. ಡಬ್ಬಿಯ ಕತೆ, ಅರವತ್ತಮೂರರ ಕತೆ, ನಾನು ಬೇಕಂತಲೇ ಬಿಟ್ಟದ್ದು ಎಲ್ಲವನ್ನೂ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

ಅವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಒಣಗಿತು. "ಪ್ರತಿ ವರ್ಷ ಓದ್ತಿದ್ದೆ," ಅಂದರು. "ಲಾಡ್ಜಲ್ಲಿ, ಹೊಸಬರು ಬಂದಾಗ. ಧರ್ಮದ ವಿಚಾರ ಅಲ್ಲಿ ವಾದ ಮಾಡೋ ಹಾಗಿಲ್ಲ. ಅದಕ್ಕೇ ಯಾರೂ ಏನೂ ಅನ್ನಲಿಲ್ಲ. ನಾನು ಒಪ್ಪಿದ್ದಾರೆ ಅಂದ್ಕೊಂಡೆ." ತುತ್ತನ್ನು ತಟ್ಟೆಗಿಟ್ಟು ಕೇಳಿದರು: "ನಿನಗೆ ಎಷ್ಟು ದಿನದಿಂದ ಗೊತ್ತಿತ್ತು?"

"ಹನ್ನೆರಡು ದಿನ."

ಅವರು ತಲೆಯಾಡಿಸಿದರು. ನಾನು ಬೈಗುಳ ನಿರೀಕ್ಷಿಸಿದ್ದೆ, ಬರಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುದಿನ ಹನ್ನೊಂದಕ್ಕೆ ಆಚೆಯ ಕುರ್ಚಿ ಖಾಲಿ. ಅದರ ಮರುದಿನವೂ. ಟೀ ಲೋಟ ಹುಲ್ಲಿನ ಮೇಲೇ ಇತ್ತು, ಮಳೆನೀರು ತುಂಬಿತು. ಮಾವ ಕ್ಷಮೆ ಕೇಳಿ ಕಾಗದ ಬರೆಯಲು ಕೂತರು. ಬರೆದರು, ಹರಿದರು. ಬೇಲಿ ಹತ್ತಿರ ಹೋಗಿ ಕೂಗಿ ಕರೆಯಿರಿ ಎಂದರೆ, "ಏನಂತ ಕರೀಲಿ? ಬ್ರದರ್ ಅನ್ನಲಾ?" ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ಪಕ್ಕದ ಮನೆಗೆ ಆಂಬುಲೆನ್ಸ್ ಬಂತು. ಎದೆನೋವಂತೆ, ಎದುರು ಮನೆಯವರು ಹೇಳಿದರು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ, ಸ್ವಂತ ಮಗಳನ್ನೇ ಬಿಡದ ಕಾಲ ಅದು. ನನ್ನ ಗಂಡನಿಗೆ ಫೋನ್ ಮಾಡಿ ವಿಚಾರಿಸಿ ಎಂದೆ. "ಅದು ನನ್ನ ಆಸ್ಪತ್ರೆ ಅಲ್ಲ, ನಾವು ಅವರಿಗೆ ಏನೂ ಆಗಬೇಕಿಲ್ಲ, ಯಾರು ಹೇಳ್ತಾರೆ?" ಎಂದರು. ನಿಜವೇ. ಏನೂ ಆಗಬೇಕಿರಲಿಲ್ಲ.

ಮಾವ ಅವತ್ತೇ ಕಾಗದ ಮುಗಿಸಿದರು. ಅರ್ಧ ಪುಟ. ಮೇಲೆ ಅರವತ್ತಮೂರು ಎಂದು ನಂಬರು ಹಾಕಿದ್ದರು, ಹಳೆಯದರ ಜಾಗಕ್ಕೆ ಹೊಸದು. ನಾನು ಓದಿದ್ದನ್ನು ನಿಜ ಅಂದುಕೊಂಡೆ, ನಿಮ್ಮನ್ನು ನೋಡಿದ ಮೇಲೂ ಯೋಚನೆ ಮಾಡಲಿಲ್ಲ, ಆವತ್ತು ನಿಮ್ಮ ಲಾಡ್ಜಿನಲ್ಲಿ ಎದ್ದು ನಿಲ್ಲದವರ ಸಾಲಿನಲ್ಲಿ ನಾನೂ ಒಬ್ಬ, ಎಂದು ಬರೆದಿದ್ದರು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಮುದುಕರು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಇರಲಿ ಎಂದು ಅವರ ಬಾಗಿಲಲ್ಲಿ ಅಂಚೆ ಹಾಕುವ ಸೀಳಿನಲ್ಲಿ ತೂರಿಸಿದೆ. ಬಾಗಿಲಿಗೆ ಪಕ್ಕದಲ್ಲಿ ಉದ್ದ ಗಾಜಿದೆ. ಅದರಿಂದ ನೋಡಿದರೆ ಕಾಗದ ಒಳಗಿನ ಮ್ಯಾಟಿನ ಮೇಲೆ ಬಿದ್ದದ್ದು ಕಾಣುತ್ತಿತ್ತು.

ಅದು ಅಲ್ಲೇ ಇತ್ತು. ಅದರ ಮೇಲೆ ಪಿಜ್ಜಾ ಅಂಗಡಿಯ ಚೀಟಿ ಬಿತ್ತು, ಲೈಟ್ ಬಿಲ್ಲು ಬಿತ್ತು. ಮಾವ ದಿನಾ ನನ್ನನ್ನು ಕಳಿಸಿ ನೋಡಿಸುತ್ತಿದ್ದರು. ಜೂನ್ ಕೊನೆಗೆ ಭಾರತದವರನ್ನು ವಾಪಸು ಕರೆದೊಯ್ಯುವ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿತು. ಹೊರಡುವಾಗ ಮೊದಲ ಸಲ ಪಕ್ಕದ ಮನೆಯ ಮುಂದೆ ನಿಂತು ಆ ಡಬ್ಬಿ ನೋಡಿದರು. ಟ್ಯಾಕ್ಸಿಯವನು ಹಾರ್ನ್ ಹೊಡೆದ.

ಜುಲೈನಲ್ಲಿ ಮುದುಕರ ಮಗಳು ಬಂದಳು, ಮಾಸ್ಕು ಹಾಕಿಕೊಂಡು, ವ್ಯಾನಿನ ಜೊತೆ. ಅಪ್ಪ ಮೂರು ವಾರದ ಹಿಂದೆಯೇ ಹೋದರು, ಹತ್ತು ಜನರ ಮೇಲೆ ಸಂಸ್ಕಾರಕ್ಕೆ ಬಿಡಲಿಲ್ಲ ಎಂದು ದೂರದಿಂದಲೇ ಹೇಳಿದಳು. ನಾನು ಸಾರಿ ಅಂದೆ. ಮೇಲೆ ಬಂದು ಬೀದಿ ಕಡೆಯ ಕೋಣೆಯ ಕಿಟಕಿಯಲ್ಲಿ ನಿಂತೆ. ಅವಳು ಬಾಗಿಲು ತೆರೆದು, ಮ್ಯಾಟಿನ ಮೇಲಿದ್ದ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ, ಹಸಿರು ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಿದಳು. ಅವತ್ತು ಶನಿವಾರ. ನನಗೆ ಯಾವ ಮೀಟಿಂಗೂ ಇರಲಿಲ್ಲ. ಕೆಳಗಿಳಿದು ಏನು ಹೇಳಬೇಕಿತ್ತು? ಆ ಕಸದಲ್ಲಿ ನಿನ್ನ ಅಪ್ಪನಿಗೆ ಬರೆದ ಕಾಗದ ಇದೆ, ಅವರ ಕೊನೆಯ ಹನ್ನೊಂದು ಗಂಟೆಯ ಟೀ ಹಾಳು ಮಾಡಿದವರು ನಾವು ಎನ್ನಬೇಕಿತ್ತೇ? ವ್ಯಾನು ಹೊರಡುವವರೆಗೂ ಕಿಟಕಿಯಲ್ಲೇ ನಿಂತಿದ್ದೆ.

ಭಾನುವಾರ ಮಾವ ವಿಡಿಯೋ ಕಾಲ್ ಮಾಡಿದರು. ಮೊಮ್ಮಗಳ ಓದು, ಮಗನ ಆರೋಗ್ಯ ಎಲ್ಲ ಕೇಳಿದ ಮೇಲೆ ಪ್ರತಿ ವಾರ ಕೇಳುವುದನ್ನು ಕೇಳಿದರು.

"ಕಾಗದ ಅಲ್ಲೇ ಇದ್ಯಾ?"

"ಇಲ್ಲ ಮಾವ. ಮನೆಗೆ ಬಂದಿದಾರೆ, ತೊಗೊಂಡ್ರು."

"ಓದಿದ್ರಂತಾ?"

"ಓದಿದ್ರು. ಇಟ್ಸ್ ಗ್ರ್ಯಾಂಡ್, ಬೇಜಾರಿಲ್ಲ ಅಂದ್ರು."

ಅವರು ನನ್ನ ಮುಖವನ್ನು ನೋಡುತ್ತಾ ಕೂತರು. ಹಿಂದೆ ಗೋಡೆಯ ಮೇಲೆ ಅತ್ತೆಯ ಫೋಟೋ. ಅವರ ಬೆರಳಲ್ಲಿ ಉಂಗುರ ಇರಲಿಲ್ಲ.

"ಮತ್ತೆ ಏನೋ ಬಿಟ್ಟೆ ಅಲ್ವೇನಮ್ಮ," ಅಂದರು.

ನಾನು ಫೋನ್ ಕಟ್ ಮಾಡಲಿಲ್ಲ. ಅವರೂ ಫೋನ್ ಇಡಲಿಲ್ಲ.