ಕರಗ್ತಾ ಸಾರ್
ಕಾಗದದ ಕಾರ್ಖಾನೆಯ ಕೆಮಿಸ್ಟರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇರಬೇಕು, ಆದರೆ ಎಲ್ಲರ ಬಾಯಲ್ಲೂ ಅವರು ‘ಕರಗ್ತಾ ಸಾರ್’. ಮರ ಬೇಯಿಸಿ ನಾರು ತೆಗೆದ ಮೇಲೆ ಉಳಿಯುವ ಕಪ್ಪು ನೀರಿನಲ್ಲಿ ಮರದ ಅಂಟು ಇರುತ್ತದೆ. ಜಪ್ಪಯ್ಯ ಅಂದರೂ ಬರೀ ನೀರಿಗೆ ಬಗ್ಗದ ಆ ಅಂಟಿಗೆ ರಾಸಾಯನಿಕ ಬೆರೆಸಿ, ಕಾಯಿಸಿ, ನೀರಲ್ಲಿ ಕರಗುವ ಕಂದು ಪುಡಿ ಮಾಡುವುದೇ ಅವರ ಇಪ್ಪತ್ತು ವರ್ಷದ ಕಸುಬು. ಅದನ್ನು ಸ್ವಲ್ಪ ಹಾಕಿದರೆ ಕಲಸಿದ ಸಿಮೆಂಟು ಕಡಿಮೆ ನೀರಲ್ಲೂ ಸಲೀಸಾಗಿ ಹರಿಯುತ್ತದೆ. ಮಗಳು ಟೀ ಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿದು, “ಸಕ್ಕರೆ ಕರಗ್ತಾ?” ಅನ್ನುತ್ತಾರೆ. ಡಾಕ್ಟರು ಮಾತ್ರೆ ಬರೆದರೂ ಅದೇ ಪ್ರಶ್ನೆ. ಕೆಲಸ ಕೇಳಿ ಬಂದವರ ಸರ್ಟಿಫಿಕೇಟು ಪಕ್ಕಕ್ಕಿಟ್ಟು, ಅವರು ಚಮಚ ಹೇಗೆ ತಿರುಗಿಸುತ್ತಾರೆಂದು ನೋಡುತ್ತಾರೆ. “ಮರದ ಅಂಟನ್ನೇ ಕರಗಿಸ್ತಾರಂತೆ, ಇವರ ಹಟ ಕರಗಿಸೋ ಪುಡಿ ಯಾವಾಗ ಬರುತ್ತೋ” ಎಂದು ಹೆಂಡತಿ ಗೊಣಗುವುದಕ್ಕೂ ಕಾರಣವಿದೆ. ಹಿಂದಿನ ಬೀದಿಯಲ್ಲಿರುವ ಸಾರ್ ಅವರ ಅಣ್ಣ ಗಾರೆ ಮೇಸ್ತ್ರಿ. “ನಿನ್ನ ಪುಡಿ ಬರೀ ಬೂದಿ ಕಣೋ” ಎಂದು ಅವನು ಅಂದದ್ದಕ್ಕೆ ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆದರೂ ತಿಂಗಳಿಗೊಮ್ಮೆ ‘ಸ್ಯಾಂಪಲ್’ ಎಂದಷ್ಟೇ ಬರೆದ ಒಂದು ಚೀಲ ಪುಡಿ ಅಣ್ಣನ ಬಾಗಿಲಿಗೆ ಹೋಗುತ್ತದೆ. ಚೀಲ ಖಾಲಿಯಾಗಿ, ನೀಟಾಗಿ ಮಡಚಿಕೊಂಡು ವಾಪಸು ಬರುತ್ತದೆ; ಒಳಗೊಂದು ಚೀಟಿ, ಪೆನ್ಸಿಲಿನಲ್ಲಿ ಒಂದೇ ಮಾತು: “ಕರಗ್ತು.” ಆ ಚೀಟಿಗಳನ್ನೆಲ್ಲ ಅವರು ತಾರೀಖು ಹಾಕಿ ಲ್ಯಾಬಿನ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದಾರೆ. ಫೈಲಿನ ಮೇಲೆ ಅವರದೇ ಅಕ್ಷರ: “ಫಲಿತಾಂಶ ಇನ್ನೂ ಖಚಿತವಿಲ್ಲ. ಪ್ರಯೋಗ ಮುಂದುವರಿಸುವುದು.”